ಹನ್ನೊಂದನೇ ಮಹಡಿಯ ಎರೆಹುಳುಗಳು

ನಿಂಬೆ ಉಪ್ಪಿನಕಾಯಿಯ ಜಾಡಿಯನ್ನು ಬಗ್ಗಿಸಿ, ತಳದಲ್ಲಿದ್ದ ರಸವನ್ನೆಲ್ಲ ಲಾವಣ್ಯಾ ಎರೆಹುಳುಗಳ ಮೇಲೆ ಸುರಿದಳು. ಕೆಂಪು ಹುಳುಗಳು ಸುರುಳಿ ಸುತ್ತಿಕೊಂಡು ಒದ್ದಾಡಿದವು. ಟಬ್ಬಿನ ಮುಚ್ಚಳ ಹಾಕಿ, ಜಾಡಿ ತೊಳೆದು, ಕೈ ಮೂಸಿ ನೋಡಿಕೊಂಡಳು. ಒಳಗೆ ಅತ್ತೆ ಗಿರಿಜಮ್ಮನ ಗೊರಕೆ ಇನ್ನೂ ನಿಂತಿರಲಿಲ್ಲ.

ಸಾಯಲಿ. ಇವು ಸತ್ತರೆ ನಾನು ಬದುಕಿಕೊಳ್ಳುತ್ತೇನೆ.

ದೆಹಲಿ ಪಕ್ಕದ ಇಂದಿರಾಪುರಂನ ಆ ಹನ್ನೊಂದನೇ ಮಹಡಿಯ ಬಾಲ್ಕನಿಗೆ ಟಬ್ಬನ್ನು ತಂದವನು ಅವಳ ಗಂಡ ಅನೂಪ್. ನೋಯ್ಡಾದ ಆಫೀಸು ಅವನಿಗೆ ಸಾಕಾಗಿತ್ತು. ತರಕಾರಿ ಸಿಪ್ಪೆ ತಿಂದು ಹುಳುಗಳು ಮಾಡಿಟ್ಟ ಕಪ್ಪು ಗೊಬ್ಬರವನ್ನು ಅಂಗೈಯಲ್ಲಿಟ್ಟುಕೊಂಡು, ಹೊಸ ಕಾಫಿಪುಡಿಯಂತೆ ಮೂಸುತ್ತಿದ್ದ. "ಸೋಹ್ನಾದಲ್ಲಿ ಅರ್ಧ ಎಕರೆ ನೋಡಿಟ್ಟಿದ್ದೀನಿ. ಈ ಬೇಸಿಗೆ ಕಳೀಲಿ, ಆಮೇಲೆ ತೀರ್ಮಾನ" ಅನ್ನುತ್ತಿದ್ದ.

ಆ ಜಮೀನನ್ನು ಲಾವಣ್ಯಾಗೂ ಒಮ್ಮೆ ತೋರಿಸಿದ್ದ. ಒಂದು ಕೋಣೆ, ಒಂದು ಬೋರ್‌ವೆಲ್, ಇಡೀ ದಿನ ಅತ್ತೆ. ಇಲ್ಲಿಯಾದರೆ ಕೆಳಗಿನ ಮಾರ್ಕೆಟ್ಟಿನ ಬೂಟೀಕಿನಲ್ಲಿ ರವಿಕೆ ಹೊಲಿಯುವ ಕೆಲಸವಿತ್ತು. ಮಿಷನ್ನಿನ ಸದ್ದಿನಲ್ಲಿ ಬೆಳಗಿನ ಹೊತ್ತಾದರೂ ಅವಳಿಗೆ ಯಾರ ಬೈಗುಳವೂ ಕೇಳುತ್ತಿರಲಿಲ್ಲ. ಆದರೆ ಗಂಡನ ಮುಂದೆ ನಿಂತು 'ಬೇಡ' ಅನ್ನುವುದು ಅವಳಿಂದಾಗದ ಕೆಲಸ. ಹುಳುಗಳು ಸತ್ತರೆ ಅವನ ಬೇಸಾಯದ ಹುಚ್ಚು ತಾನಾಗಿ ಇಳಿದೀತು; ಅವನ್ನು ಕೊಲ್ಲುವುದೇ ಸುಲಭವಾಗಿತ್ತು.

ಆದರೆ ಅವು ಸಾಯಲಿಲ್ಲ. ಸಂಜೆಯ ಹೊತ್ತಿಗೆ ಉಪ್ಪು ಬಿದ್ದ ಮೇಲ್ಪದರವನ್ನು ಯಾರೋ ಕೆರೆದು ತೆಗೆದಿದ್ದರು. ಹೊಸ ತೆಂಗಿನ ನಾರು, ಕಲ್ಲಂಗಡಿ ಸಿಪ್ಪೆ, ಮೇಲೆ ಒದ್ದೆ ಗೋಣಿ. ತಳಕ್ಕಿಳಿದಿದ್ದ ಹುಳುಗಳು ಸಿಪ್ಪೆಗೆ ಮುತ್ತಿಕೊಂಡಿದ್ದವು.

"ಈ ಮನೇಲಿ ಉಪ್ಪಿನಕಾಯಿ ಬಲು ಬೇಗ ಖಾಲಿಯಾಗತ್ತಪ್ಪ," ಊಟದ ಹೊತ್ತಿಗೆ ಗಿರಿಜಮ್ಮ ಮಗನಿಗೆ ಹೇಳಿದಳು. "ಇವಳಿಗೆ ಬಯಕೆಯೇನೋ. ಒಳ್ಳೇ ಸುದ್ದಿ ಮಾತ್ರ ಬರೋದಿಲ್ಲ."

ಅನೂಪ್ ಫೋನಿನಿಂದ ತಲೆಯೆತ್ತಲಿಲ್ಲ.

ಮುಂದಿನ ಸಲ ಲಾವಣ್ಯಾ ಸೋಪಿನ ನೀರು ಸುರಿದಳು. ಅತ್ತೆ ಟಬ್ಬಿನ ಮಣ್ಣನ್ನೇ ಬದಲಿಸಿದಳು. ಲಾವಣ್ಯಾ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಗಿರಿಜಮ್ಮ ಮೂಗಿಗೆ ಸೆರಗು ಒತ್ತಿಕೊಂಡು, ಹುಳುಗಳನ್ನು ಚಮಚದಲ್ಲಿ ಎತ್ತಿಡುತ್ತಿದ್ದಳು. ಆಮೇಲೆ ಕೈಯನ್ನು ಉಜ್ಜಿ ಉಜ್ಜಿ ತೊಳೆದು, ಪಾರ್ಕಿನ ಬೆಂಚಿಗೆ ತನ್ನ ಪಂಜಾಬಿ ಗೆಳತಿಯರ ಹತ್ತಿರ ಓಡುತ್ತಿದ್ದಳು. ಇಷ್ಟೊಂದು ಅಸಹ್ಯಪಡುವವಳು ಇವನ್ನು ಕಾಯುವುದೇಕೆ? ತನ್ನನ್ನು ಆ ಒಂಟಿ ಕೋಣೆಗೆ ಕೂಡಿಹಾಕುವುದಕ್ಕೆ. ಲಾವಣ್ಯಾಗೆ ಬೇರೆ ಕಾರಣ ತೋಚಲಿಲ್ಲ.

ಬಿಸಿಗಾಳಿ ಶುರುವಾದ ದಿನ ಗಿರಿಜಮ್ಮ ನಡುಮನೆಯಲ್ಲಿದ್ದ ಕೂಲರನ್ನು ದರದರ ಎಳೆದು ಬಾಲ್ಕನಿಗೆ ತಿರುಗಿಸಿದಳು.

"ನಮಗೆ ಬೆವರು, ಹುಳಕ್ಕೆ ತಂಪು ಗಾಳೀನಾ?" ಲಾವಣ್ಯಾಳ ಬಾಯಿಂದ ಮಾತು ಹೊರಬಿದ್ದೇ ಹೋಯಿತು.

"ನೀನು ಬೆವತರೆ ಸಾಯಲ್ಲ, ಅವು ಸಾಯತ್ವೆ. ಸತ್ತರೆ ನಿನಗೆ ಹಬ್ಬ ಅಂತ ನನಗೆ ಗೊತ್ತಿಲ್ವಾ? ಹೊಲದಲ್ಲಿ ಹುಟ್ಟಿದವಳು. ಮಣ್ಣು ಎಳೆಯತ್ತೆ."

ಹಳ್ಳಿಯವಳು ಅನ್ನುವ ಹಳೇ ಚುಚ್ಚುಮಾತು. ಲಾವಣ್ಯಾ ನುಂಗಿಕೊಂಡಳು.

ಜೂನ್‌ನಲ್ಲಿ ದೆಹಲಿಯ ವಸಂತ್ ಕುಂಜ್‌ನಿಂದ ಕರೆ ಬಂತು. ಗಿರಿಜಮ್ಮನ ತಮ್ಮನ ಮೊಮ್ಮಗಳ ನಾಮಕರಣ. ಹೊರಡುವಾಗ ಅವಳು ಬಾಗಿಲಲ್ಲಿ ತಿರುಗಿ ನಿಂತಳು. "ಗೋಣಿ ಒಣಗಿದರೆ ನಿನ್ನ ಚರ್ಮ ಸುಲೀತೀನಿ."

ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಲಾವಣ್ಯಾ ಗೋಣಿ ಕಿತ್ತೆಸೆದಿದ್ದಳು. ಕೂಲರ್ ಆರಿಸಿದಳು. ಟಬ್ಬನ್ನು ಉರಿಬಿಸಿಲಿಗೆ ಎಳೆದಿಟ್ಟು, ಬಾಲ್ಕನಿಯ ಬಾಗಿಲು ಹಾಕಿಕೊಂಡಳು.

ಸಂಜೆ ಅನೂಪ್ ತಾಯಿಯನ್ನು ಕರೆದುಕೊಂಡೇ ಬಂದ. ಬೂಟನ್ನೂ ಬಿಚ್ಚದೆ ಬಾಲ್ಕನಿಗೆ ಹೋಗಿ ಮುಚ್ಚಳ ತೆಗೆದ. ಗೊಬ್ಬರ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಮೇಲೆಲ್ಲ ಒಣಗಿದ ದಾರದ ತುಂಡುಗಳಂತೆ ಹುಳುಗಳು. ಗಿರಿಜಮ್ಮ ಎದೆಗೆ ಕೈಯಿಟ್ಟು ಗೋಡೆಗೆ ಒರಗಿದಳು. ಅತ್ತೆಯ ಆ ಮುಖ ನೋಡಿ ಲಾವಣ್ಯಾಗೆ ಹೊಟ್ಟೆ ತಣ್ಣಗಾಯಿತು.

ಅನೂಪ್ ಕೈ ಒರೆಸಿಕೊಂಡು ಫೋನ್ ಹಚ್ಚಿದ. "ಹಾಂ ಭಯ್ಯಾ, ಸೋಹ್ನಾ ಪಕ್ಕಾ. ನಾಳೆ ಬರ್ತೀನಿ, ಚಲೋ." ಹಿಂದಿಯಲ್ಲಿ ಇನ್ನೆರಡು ಮಾತಾಡಿ ತಾಯಿಯ ಕಡೆ ತಿರುಗಿದ. ಅವನ ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ. "ಈ ಬೇಸಿಗೆ ಪೂರ್ತಿ ಹುಳುಗಳನ್ನ ಬಾಲ್ಕನೀಲೇ ಬದುಕಿಸಿ ತೋರಿಸ್ತೀನಿ, ಬದುಕಿದರೆ ಜಮೀನಿನ ಸುದ್ದಿ ಬಿಡಬೇಕು ಅಂತ ಪಣ ಹಾಕಿದ್ದೆಯಲ್ಲಮ್ಮ? ನೀನೇ ಸೋತೆ. ಸಾಮಾನು ಕಟ್ಟು."

ಲಾವಣ್ಯಾ ಬಾಗಿಲಿಗೆ ಅಡ್ಡ ಬಂದಳು. ಹೊಸ್ತಿಲಲ್ಲೇ ಕೂತುಬಿಟ್ಟಳು. "ನಾನು ಬರಲ್ಲ," ಅಂದಳು. ಮತ್ತೆ ಕಿರುಚಿದಳು, "ನಾನು ಅಲ್ಲಿಗೆ ಬರಲ್ಲ!"

ಬೈಯಲು ಬಾಯಿ ತೆರೆದಿದ್ದ ಗಿರಿಜಮ್ಮ ಹಾಗೆಯೇ ನಿಂತಳು. ಸೊಸೆಯನ್ನು ನೋಡಿದಳು, ಬಿಸಿಲಿಗೆ ಎಳೆದಿಟ್ಟ ಟಬ್ಬನ್ನು ನೋಡಿದಳು.

"ಅಯ್ಯೋ ಮೂಳಿ, ಅಲ್ಲಿಗೆ ಹೋಗೋದು ನಿನಗೂ ಬೇಡವಾಗಿತ್ತೇನೇ?"