ಹಿಂದಿನ ಸೀಟು

ಮಾರಾಟಕ್ಕಿದ್ದ ಮೂರು ಗಾಡಿಗಳಲ್ಲಿ ಚಿತ್ತರಂಜನ ಅದನ್ನೇ ಆರಿಸಿಕೊಂಡಾಗ ಪಡೀಲಿನ ಗ್ಯಾರೇಜಿನ ಉಮರಬ್ಬನಿಗೆ ಆಶ್ಚರ್ಯವಾಯಿತು. ಅದು ಗುಡ್ಡ ಹತ್ತಿಸಿ, ಕೆಸರಿನಲ್ಲಿ ರೇಸ್ ಓಡಿಸುವ ಫಾರಿನ್ ಮೋಟಾರ್ ಸೈಕಲ್. ಎತ್ತರದ ಮಡ್‌ಗಾರ್ಡು, ಹಲ್ಲುಹಲ್ಲಿನ ಟಯರು. ದೀಪವಿಲ್ಲ, ಹಾರ್ನಿಲ್ಲ, ನಂಬರ್ ಪ್ಲೇಟಿಗೆ ಜಾಗವೇ ಇಲ್ಲ. ಹಂಪನಕಟ್ಟೆಯಲ್ಲಿ ಹೋಟೆಲು ನಡೆಸುವವನಿಗೆ, ಬೆಳಗಿನ ಮೊದಲ ಬಸ್ಸಿಗಿಂತ ಮುಂಚೆ ಬಾಗಿಲು ತೆರೆಯಲು ಗಾಡಿ ಬೇಕೆಂಬುದೇನೋ ಸರಿ, ಆದರೆ ಹತ್ತಲು ಗುಡ್ಡ ಎಲ್ಲಿದೆ? ಪಕ್ಕದಲ್ಲಿ ನಿಂತಿದ್ದ ಹೆಂಡತಿ ಶಶಿಪ್ರಭಾಳಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಉಳಿದೆರಡು ಗಾಡಿಗಳಿಗೆ ಉದ್ದ ಸೀಟಿತ್ತು. ಇದರಲ್ಲಿ ಒಬ್ಬನೇ ಕೂರಬಹುದಿತ್ತು.

ಚಿತ್ತರಂಜನನಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಸ್ನೇಹಲತಾ ಅವನ ಬೈಕಿನ ಹಿಂದೆ ಕುಳಿತು ಬರುವಾಗ ಸೆರಗು ಚಕ್ರಕ್ಕೆ ಸಿಕ್ಕಿ ಸತ್ತಿದ್ದಳು. ಸಂಬಂಧ ಕುದುರಿಸುವಾಗ ಅಷ್ಟನ್ನು ಹೇಳಿದ್ದರು. ಆಮೇಲೆ ಆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಶಶಿಪ್ರಭಾ ತವರಾದ ವಾಮಂಜೂರಿಗೆ ಹೋಗುವುದು ಬಸ್ಸಿನಲ್ಲೇ, ಒಬ್ಬಳೇ. ಹೊಸ ಮದುಮಗಳು ವಾಡಿಕೆಯಂತೆ ಮಳೆಗಾಲದ ಆಟಿ ತಿಂಗಳಿಗೆ ತವರಿಗೆ ಬಂದಾಗಲೂ ಕರೆತಂದು ಬಿಡಲು ಗಂಡನ ಪತ್ತೆಯಿಲ್ಲ. ಇದೆಂಥ ಸಂಸಾರ ಎಂದು ತಾಯಿ ಉಮಾವತಿ ಕೇಳಿಯೇಬಿಟ್ಟಿದ್ದರು. ನೆರೆಹೊರೆಯವರು ಕೇಳುವುದಿಲ್ಲ, ಸುಮ್ಮನೆ ಅವಳ ಬೆನ್ನ ಹಿಂದಿನ ಖಾಲಿ ರಸ್ತೆಯನ್ನು ನೋಡುತ್ತಾರೆ. ಅದು ಇನ್ನೂ ಕಷ್ಟ. ಅವಳಿಗೆ ಗಾಡಿಯ ಮೋಜೇನೂ ಇರಲಿಲ್ಲ. ಅವನ ಹಿಂದೆ ಒಮ್ಮೆ ಕುಳಿತು ಊರ ಮುಂದೆ ಹಾದುಹೋದರೆ ತಾನೂ ಅವನ ಹೆಂಡತಿ ಎಂದು ತನಗೇ ನಂಬಿಕೆ ಬಂದೀತು ಎಂಬ ಆಸೆಯಿತ್ತು.

ಗಾಡಿಯನ್ನು ರಸ್ತೆಗೆ ಇಳಿಸುವಂತೆ ಮಾಡುವುದು ಸುಲಭವಾಗಲಿಲ್ಲ. ಉಮರಬ್ಬ ಹಳೆಯ ಗಾಡಿಯೊಂದರ ಹೆಡ್‌ಲೈಟು ಕೂರಿಸಿದ, ಹಾರ್ನು ಕಟ್ಟಿದ, ಕನ್ನಡಿ ಹಚ್ಚಿದ, ಊರೆಲ್ಲ ಎಬ್ಬಿಸುತ್ತಿದ್ದ ಸೈಲೆನ್ಸರನ್ನು ಬದಲಿಸಿದ. ಚಿತ್ತರಂಜನ ಒಂದೊಂದನ್ನೂ ಮುಟ್ಟಿ ನೋಡಿ, ಅಲುಗಾಡಿದ್ದನ್ನು ಮತ್ತೆ ಬಿಗಿಸುವಂತೆ ಹೇಳಿದ. ಅವನ ಎಚ್ಚರಿಕೆ ಕಂಡು ಉಮರಬ್ಬನಿಗೆ ಕೊನೆಗೊಮ್ಮೆ ತಡೆಯಲಾಗಲಿಲ್ಲ.

“ಸರ್ಕಾರಕ್ಕೆ ಬೇಕಾದ್ದೆಲ್ಲ ಹಾಕಿ ಆಯ್ತು ಧಣಿ. ಮನೆಯವರಿಗೆ ಒಂದು ಸೀಟು ಹಾಕುವುದಾ?”

“ಬೇಡ ಅಂತ ಹೇಳಿದ್ದೇನಲ್ಲ ಮಾರಾಯ,” ಎಂದ ಚಿತ್ತರಂಜನ. ಶಶಿಪ್ರಭಾ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದಳು.

ಆರ್‌ಟಿಒ ಅಂಗಳದಲ್ಲಿ ತಪಾಸಣೆಯ ದಿನ ಅವಳೂ ಪೇಟೆಯಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ಬಸ್ಸು ಹತ್ತಿ ಬಂದಳು. ಇನ್‌ಸ್ಪೆಕ್ಟರು ದೀಪ ಹೊತ್ತಿಸಿ ಆರಿಸಿದರು, ಹಾರ್ನು ಒತ್ತಿದರು, ಬ್ರೇಕು ನೋಡಿದರು. ಆಮೇಲೆ ಸೀಟನ್ನೂ ಅವಳನ್ನೂ ನೋಡಿ, ಒಬ್ಬರೇ ಕೂರುವುದಾದರೆ ಹೀಗೇ ಪಾಸಾಗುತ್ತದೆ, ಆದರೆ ನಾಳೆ ಹಿಂದೆ ಸೀಟು ಹಾಕಿಸಿದರೆ ಗಾಡಿಯನ್ನು ಮತ್ತೆ ಇಲ್ಲಿಗೆ ತರಬೇಕಾಗುತ್ತದೆ, ಯೋಚಿಸಿ ಹೇಳಿ ಎಂದರು. ಚಿತ್ತರಂಜನ ಬಾಯಿ ತೆರೆಯುವ ಮೊದಲೇ ಶಶಿಪ್ರಭಾ ಉತ್ತರಿಸಿದಳು.

“ಈಗಲೇ ಹಾಕಿಸ್ತೇವೆ ಸರ್. ಸೀರೆ ಗಾರ್ಡು ಕೂಡ.”

ಚಕ್ರಕ್ಕೆ ಸೆರಗು ಸಿಗದ ಹಾಗೆ ಪಕ್ಕಕ್ಕೆ ಕಟ್ಟುವ ಆ ಕಂಬಿಯ ಹೆಸರನ್ನು ಅವಳ ಗಂಡನ ಎದುರು ಇಷ್ಟು ವರ್ಷ ಯಾರೂ ಎತ್ತಿರಲಿಲ್ಲ. ಅವನ ಮುಖ ಇಳಿದುಹೋಯಿತು. ಸಾಹೇಬರ ಮುಂದೆ ಹೆಂಡತಿಯ ಮಾತು ತೆಗೆದುಹಾಕಲು ಅವನಿಗೆ ಆಗಲಿಲ್ಲ. ಗಾಡಿ ಮತ್ತೆ ಉಮರಬ್ಬನಲ್ಲಿಗೆ ಹೋಗಿ, ಉದ್ದ ಸೀಟು ಮತ್ತು ಗಾರ್ಡು ಹಾಕಿಸಿಕೊಂಡು, ಪಾಸಾಗಿ ಮನೆಗೆ ಬಂತು.

ಭಾನುವಾರ ವಾಮಂಜೂರಿಗೆ ಹೊರಟರು. ಅವಳು ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತ ಮೇಲೆ ಚಿತ್ತರಂಜನ ಕೆಳಗಿಳಿದು ಗಾರ್ಡನ್ನು ಅಲುಗಾಡಿಸಿ ನೋಡಿದ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುವಂತೆ ಹೇಳಿದ. ಅವಳಿಗೆ ಅದೂ ಪ್ರೀತಿಯೆಂದೇ ಅನಿಸಿತು. ಕುಲಶೇಖರದ ಹತ್ತಿರ ಗಾಡಿ ಹೊಂಡಕ್ಕಿಳಿದು ಎಗರಿದಾಗ, ಎಲ್ಲ ಹೆಂಗಸರೂ ಮಾಡುವಂತೆ, ಅವಳು ಅವನ ಹೆಗಲಿಗೆ ಕೈ ಇಟ್ಟಳು.

ಗಾಡಿ ಕಿರುಚಿಕೊಂಡು ರಸ್ತೆಯ ಅಂಚಿಗೆ ವಾಲಿ ನಿಂತಿತು. ಚಿತ್ತರಂಜನ ಸ್ಟ್ಯಾಂಡು ಒದ್ದು ಹಾರಿ ಇಳಿದವನೇ ಹಿಂದಿನ ಚಕ್ರದ ಬಳಿ ಮಂಡಿಯೂರಿದ. ಗಾರ್ಡಿನ ಕಂಬಿಗಳ ಮೇಲೆ, ಅವಳ ಸೀರೆಯ ಅಂಚಿನ ಮೇಲೆ ಅವನ ಕೈ ತಡವರಿಸಿತು. ಏನೂ ಆಗಿರಲಿಲ್ಲ. ಆದರೂ ಮತ್ತೊಮ್ಮೆ ಮೊದಲಿನಿಂದ ತಡವಿ ನೋಡಿದ.

“ಎಂತ ಆಯ್ತು? ನಾನು ಬರೀ ಹಿಡ್ಕೊಂಡದ್ದು,” ಎಂದಳು ಅವಳು ಹೆದರಿ.

ಅವನು ನೆಲದಿಂದ ಏಳಲಿಲ್ಲ. “ಅವಳು ಅವತ್ತು ನನ್ನ ಬೆನ್ನಿಗೆ ಹೊಡೆದಳು. ಬೇಗ ಹೋಗಿ ಅಂತ ತಮಾಷೆಗೆ ಯಾವಾಗಲೂ ಹಾಗೇ ಹೊಡೀತಿದ್ದಳು. ನಾನು ಬೇಗ ಹೋದೆ.”

ಶಶಿಪ್ರಭಾಳಿಗೆ ಅಳು ಬಂತು. ಅವನ ತಲೆಯನ್ನು ಎದೆಗೊತ್ತಿಕೊಳ್ಳಬೇಕೆನಿಸಿ ಕೈ ಚಾಚಿದಳು. ಅವನು ಅಷ್ಟಕ್ಕೇ ಹಿಂದೆ ಸರಿದ.

“ಕೂತುಕೋ. ಯಾವಾಗ ಬೇಕಾದರೂ ಕರ್ಕೊಂಡು ಹೋಗ್ತೇನೆ,” ಎಂದ. “ಆದರೆ ನನ್ನನ್ನು ಮುಟ್ಟಬೇಡ.”

ವಾಮಂಜೂರಿನಲ್ಲಿ ಗಾಡಿಯ ಸದ್ದಿಗೆ ಉಮಾವತಿ ಗೇಟಿನವರೆಗೆ ಓಡಿ ಬಂದರು. ನೆರೆಮನೆಯವರೂ ಹೊರಗೆ ಬಂದು ನೋಡಿದರು. ಅಂತೂ ಜೋಡಿಯಾಗಿ ಬಂದರಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು. ಶಶಿಪ್ರಭಾ ಎರಡೂ ಕೈಗಳಿಂದ ಸೀಟಿನ ಹಿಂದಿನ ಅಂಚನ್ನು ಬಿಗಿಯಾಗಿ ಹಿಡಿದು, ತನಗೂ ಅವನಿಗೂ ನಡುವೆ ಇನ್ನೊಬ್ಬಳು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದಳು.