ಟೊಪ್ಪಿ ಎಲ್ಲಿಗೆ ಹೋಯಿತು

“ಮಕ್ಕಳನ್ನ ಹೊಳೆ ಕಡೆ ಕರ್ಕೊಂಡ್ ಹೋಗಮ್ಮ. ಕೇಳಿದ್ರೆ, ಟೊಪ್ಪಿ ಬೆಟ್ಟಕ್ಕೆ ಮೇಯೋಕ್ಕೆ ಹೋಗಿದೆ ಅನ್ನು,” ಎಂದ ಮಕ್ಕಳ ಬೇಸಿಗೆ ಶಿಬಿರದ ಯಜಮಾನ ತಾಲಂತ್. ರಾಜಧಾನಿ ಬಿಶ್ಕೆಕ್‌ನಿಂದ ಬರುವ ಅತಿಥಿಗಳ ಊಟಕ್ಕೆ, ಮಕ್ಕಳು ಬೇಸಿಗೆಯಿಡೀ ಮೇಯಿಸಿದ್ದ ಕರಿತಲೆಯ ಟಗರು ಟೊಪ್ಪಿಯ ಕಾಲು ಕಟ್ಟಿಯಾಗಿತ್ತು. ಸಾಗಿನ್ ತಾತ ಚಾಕು ಹಿಡಿದು ಕಾಯುತ್ತಿದ್ದ.

ಮಕ್ಕಳಿಗೆ ಮಣ್ಣು, ನೀರು, ಹುಲ್ಲಿನ ಪಾಠ ಹೇಳಲು ಬಂದಿದ್ದ ಬರ್ಮೆತ್ ಅಲುಗಲಿಲ್ಲ. “ಹುಲ್ಲು ಕುರಿಯೊಳಗೆ ಹೋಗುತ್ತೆ, ಕುರಿ ನಮ್ಮೊಳಗೆ ಬರುತ್ತೆ ಅಂತ ಕಲಿಸಿದ್ದು ನಾನೇ ಅಣ್ಣ. ಈಗ ಸುಳ್ಳು ಹೇಳಲ್ಲ.”

“ಹಾಗಾದ್ರೆ ಸಂಜೆ ಬಸ್ಸಿಗೆ ಗಂಟು ಕಟ್ಕೋ.”

“ಕಟ್ಕೋತೀನಿ,” ಎಂದು ಅವಳು ಮಕ್ಕಳತ್ತ ತಿರುಗಿದಳು. “ಟೊಪ್ಪಿನ ಈಗ ಕೊಯ್ತಾರೆ. ನೋಡೋಕ್ಕಾಗದವರು ಹೊಳೆ ಹತ್ರ ಹೋಗಿ. ನಾನು ಇಲ್ಲೇ ಇರ್ತೀನಿ.”

ಇಬ್ಬರು ಅಳುತ್ತ ಓಡಿದರು. ಚೊಲ್ಪೊನ್ ಎಂಬ ಪುಟ್ಟ ಹುಡುಗಿ ಮಾತ್ರ ಟಗರಿನ ಪಕ್ಕಕ್ಕೆ ಬಂದು ಬೊಗಸೆ ಒಡ್ಡಿದಳು. ಕೊಯ್ಯುವ ಮುನ್ನ ಹಾಗೆ ಹಾರೈಸುವುದು ಹಿರಿಯರ ಹಕ್ಕು.

“ಏನೇ ಮುದುಕಮ್ಮ, ನಿನಗೆಷ್ಟೇ ವಯಸ್ಸು?” ತಾಲಂತ್ ಗದರಿದ.

“ದಿನಾ ಅದಕ್ಕೆ ಉಪ್ಪು ನೆಕ್ಕಿಸಿದೋಳು ನಾನು. ನಾನೇ ಹಾರೈಸ್ತೀನಿ.” ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. “ಟೊಪ್ಪಿ, ನೀನು ಒಳ್ಳೇವ್ನು. ನಿನ್ನ ವಿಷಯದಲ್ಲಿ ಯಾರೂ ಸುಳ್ಳು ಹೇಳದೇ ಇರಲಿ.”

ಹಾರೈಕೆ ಶುರುವಾದ ಮೇಲೆ ಕೈ ಇಳಿಬಿಟ್ಟು ನಿಲ್ಲುವುದು ಆ ನೆಲದಲ್ಲಿ ಯಾರಿಂದಲೂ ಆಗದು. ಸಾಗಿನ್ ತಾತ ಚಾಕು ಕೆಳಗಿಟ್ಟು ಅಂಗೈ ಎತ್ತಿದ. ಬರ್ಮೆತ್ ಎತ್ತಿದಳು. ಕೊನೆಗೆ ಹಲ್ಲು ಕಚ್ಚಿಕೊಂಡು ತಾಲಂತನೂ ಬೊಗಸೆ ಒಡ್ಡಿದ.