ಆಮೆಗೆ ಕಾವು

ಬಲ್ಬು ಉರಿಯುತ್ತಿತ್ತು. ಅದರ ಕೆಳಗಿದ್ದ ಆಮೆ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಚಲುವಮ್ಮ ಅಂಗೈ ಮಗುಚಿ ಬೆರಳ ಹಿಂಬದಿಯನ್ನು ಚಿಪ್ಪಿಗೆ ಒತ್ತಿ ನೋಡಿದಳು. ಆಮೇಲೆ ತಲೆಯೆತ್ತಿ ಬಲ್ಬನ್ನು ನೋಡಿದಳು. ಕೆಂಪು ಜೀರೋ ಬಲ್ಬು! ದೇವರ ಗೂಡಿಗೆ ಹಾಕುವಂಥದ್ದು.

"ಇದಕ್ಕೆ ಪೂಜೆ ಮಾಡ್ತಾ ಇದ್ದೀರಾ ಅಳಿಮಯ್ಯ, ಇಲ್ಲಾ ಬದುಕುಸ್ತಾ ಇದ್ದೀರಾ?"

ನಾಗೇಂದ್ರ ತಲೆ ಕೆರೆದುಕೊಂಡ. "ಬಲ್ಬ್ ಅಂದ್ರೆ ಬಲ್ಬೇ ಅಲ್ವಾ ಅತ್ತೆ? ಉರೀತಾ ಅದಲ್ಲ."

ಕೇಳಿದಿರಾ ಮಾತನ್ನು? ಆಡಿದವನು ಯಾರು? ನಂಜನಗೂಡಿನಲ್ಲಿ ಹನ್ನೆರಡು ವರ್ಷದಿಂದ ಕಂಬ ಹತ್ತಿ ಇಳಿಯುತ್ತಿರುವ ಲೈನ್‌ಮನ್. ಊರಿಗೆಲ್ಲ ಕರೆಂಟು ಕೊಡುವ ಮಹಾಶಯನಿಗೆ ಯಾವ ಬಲ್ಬು ಬಿಸಿಯಾಗುತ್ತದೆ, ಯಾವುದು ಆಗುವುದಿಲ್ಲ ಎನ್ನುವುದೂ ತಿಳಿಯದು. ಇಂಥ ಪೆದ್ದನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಚಲುವಮ್ಮ ಹಣೆ ಚಚ್ಚಿಕೊಂಡಳು.

ಆಮೆಯನ್ನು ಮನೆಗೆ ತಂದವನೂ ಅವನೇ. ಹೆಮ್ಮರಗಾಲದ ಕಡೆ ಲೈನ್ ನೋಡಲು ಹೋದಾಗ ಹೊಲದ ಬದುವಿನಲ್ಲಿ ಸಿಕ್ಕಿತ್ತಂತೆ, ಟ್ರ್ಯಾಕ್ಟರ್ ತಗುಲಿ ಚಿಪ್ಪು ಸೀಳಿತ್ತಂತೆ. ದನದ ಡಾಕ್ಟರು ಗಾಯಕ್ಕೆ ಔಷಧಿ ಹಚ್ಚಿ, "ಇದಕ್ಕೆ ಮೈಯೊಳಗೆ ತನ್ನದೇ ಶಾಖ ಇರಲ್ಲ. ಕಾವು ಕೊಟ್ಟರೆ ತಿನ್ನುತ್ತೆ, ತಿಂದರೆ ಬದುಕುತ್ತೆ. ಇಲ್ಲದಿದ್ದರೆ ಹದಿನೈದು ದಿನವೂ ಇಲ್ಲ" ಎಂದಿದ್ದರು. ನಾಗೇಂದ್ರ ಸೇಬಿನ ಪೆಟ್ಟಿಗೆಯೊಂದಕ್ಕೆ ಹುಲ್ಲು ಹಾಸಿ, ಆಮೆಯನ್ನು ಅದರಲ್ಲಿ ಬಿಟ್ಟು, ತಂದು ಇಟ್ಟದ್ದಾದರೂ ಎಲ್ಲಿ? ಚಲುವಮ್ಮನ ಚಾಪೆಯ ಮಗ್ಗುಲಿಗೆ! ಬೇರೆ ಜಾಗವೇ ಇಲ್ಲವಂತೆ.

ಚಲುವಮ್ಮನದು ಕವಲಂದೆಯಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದ ಕೈ. ಈಗ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ, ಅವಳನ್ನು ಕೇಳುವವರಿಲ್ಲ. ಆಷಾಢದಲ್ಲಿ ಮಗಳು ರಂಜಿನಿ ತನ್ನ ಮನೆಗೆ ಕರೆತಂದ ಮೇಲೆ ಅವಳು ಚಾಪೆ ಹಿಡಿದಿದ್ದಳು. ಹಾಗಂತ ಕಣ್ಣೆದುರಿಗೇ ಒಂದು ಜೀವ ತಣ್ಣಗಾಗುತ್ತಿದ್ದರೆ ಬಿದ್ದುಕೊಂಡಿರಲು ಆಗುತ್ತದೆಯೇ?

ಮರುದಿನ ಜೀರೋ ಬಲ್ಬು ಹೋಗಿ ಟ್ಯೂಬ್‌ಲೈಟ್ ಬಂತು. ಬೆಳಕು ಬೇಕಾದಷ್ಟು, ಬಿಸಿ ಎಳ್ಳಷ್ಟೂ ಇಲ್ಲ. ಚಲುವಮ್ಮ ಉಗಿದಳು. ಅದರ ಮಾರನೆಯ ದಿನ ನೂರು ಕ್ಯಾಂಡಲ್ ಬಲ್ಬು ಬಂತು. ಸದ್ಯ, ಬುದ್ಧಿ ಬಂತಲ್ಲ ಎಂದುಕೊಂಡಳು. ಪುಣ್ಯಾತ್ಮ ಅದನ್ನು ಒಯ್ದು ಆರಡಿ ಮೇಲೆ ತೊಲೆಗೆ ನೇತುಹಾಕಿದ.

"ಸೂರಲ್ಲಿರೋ ಜೇಡಕ್ಕೆ ಚಳಿ ಬುಡುಸ್ತಾ ಇದ್ದೀರಾ?"

"ಇನ್ನೇನ್ ಮಾಡ್ಲಿ ಅತ್ತೆ? ಪೆಟ್ಗೆ ಕೆಳಗೆ ಹೀಟರ್ ಕಾಯಿಲ್ ಇಟ್ಬುಡ್ಲಾ?"

"ಇಡಿ, ಇಡಿ! ಒಟ್ಟೆ ಸುಟ್ಕೊಂಡು ಸಾಯ್ಲಿ. ತಳದಿಂದ ಸುಟ್ರೆ ಆ ಮೂಗ್ ಪ್ರಾಣಿ ಎಲ್ಲಿಗೋಯ್ತದೆ? ನಿಮ್ ಕೈಲಾಗಲ್ಲ, ಅತ್ಲಾಗೆ ಸರೀರಿ."

ಅವಳೇ ಎದ್ದಳು. ಹಿತ್ತಲಿಗೆ ಹೋಗಿ ಹಳೆಯ ಮಡಕೆಯೊಂದನ್ನು ಹುಡುಕಿದಳು. ಒಲೆಯ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, ಪೆಟ್ಟಿಗೆಯ ಒಂದು ಮಗ್ಗುಲಿಗೆ ಇಟ್ಟಳು. ನಡುವೆ ಒಂದು ಇಟ್ಟಿಗೆ. ಕಿಟಕಿ ತೆರೆದಳು. ಬಾಣಂತಿಯ ಮಂಚಕ್ಕೆ ಕೆಂಡ ಇಡುವಾಗಲೂ ಅವಳದು ಇದೇ ಲೆಕ್ಕ: ನಡುವಿಗೆ ಇಡಬಾರದು, ಕಾಲಿನ ಕಡೆಗೆ ಇಡಬೇಕು. ಬೇಕೆಂದರೆ ಹತ್ತಿರ ಬರಬೇಕು, ಸಾಕೆಂದರೆ ಸರಿದುಕೊಳ್ಳಲು ಜಾಗವಿರಬೇಕು. ಇದನ್ನೆಲ್ಲ ಆ ಕಂಬ ಹತ್ತುವವನಿಗೆ ಹೇಳಿ ಏನು ಪ್ರಯೋಜನ?

ಅಲ್ಲಿಂದ ಅವಳಿಗೆ ಪುರುಸೊತ್ತೇ ಇಲ್ಲ. ಬೆಳಗಾಗುತ್ತಲೇ ಕೆಂಡ ಬದಲಿಸಬೇಕು. ಮಧ್ಯಾಹ್ನ ಬೂದಿ ಕೆದಕಬೇಕು. ಬೇಲಿಯಲ್ಲಿ ದಾಸವಾಳ ಕೀಳಬೇಕು, ಸೊಪ್ಪು ಹುಡುಕಬೇಕು. ಓಡಾಡಿ ಓಡಾಡಿ ಮಂಡಿ ನೋವು ಬಂತು. ಆಮೆ ಮಾತ್ರ ತಲೆ ಹೊರಗೆ ಹಾಕಲಿಲ್ಲ. ಹತ್ತು ದಿನವಾಯಿತು. ಹನ್ನೊಂದಾಯಿತು. ನಲವತ್ತು ವರ್ಷದಲ್ಲಿ ಕೈಯಿಂದ ಜಾರಿದ ಕೂಸುಗಳೆಲ್ಲ ನೆನಪಾಗಿ ಅವಳಿಗೆ ನಿಜಕ್ಕೂ ಭಯವಾಯಿತು. "ಸಾಯ್ಬ್ಯಾಡ ಕಣವ್ವ, ನನ್ ಕೈಲಿ ಸಾಯ್ಬ್ಯಾಡ" ಎಂದು ಅದನ್ನು ಅಂಗಲಾಚಿದಳು.

ಹನ್ನೆರಡನೆಯ ದಿನ ಆಮೆ ಕತ್ತು ಚಾಚಿತು. ದಾಸವಾಳದ ಎಸಳೊಂದನ್ನು ಕಚ್ಚಿತು. ಇನ್ನೊಂದನ್ನು ನುಂಗಿತು. ಅವತ್ತು ಚಲುವಮ್ಮ ಎರಡು ಮುದ್ದೆ ಉಂಡಳು. ಅಳಿಯನನ್ನು ಬೈದೂ ಬೈದೂ ಹಸಿವು ಹೆಚ್ಚಾಗಿರಬೇಕು.

ಸಂಜೆ ನಾಗೇಂದ್ರ ಬಂದ. ಪೆಟ್ಟಿಗೆಗೆ ಬಗ್ಗಿ ನೋಡಿದ. ಮುಖ ಇಷ್ಟಗಲವಾಯಿತು.

"ನೋಡುದ್ರಾ ಅತ್ತೆ, ನಮ್ ಬಲ್ಬ್ ಎಂಗ್ ಕೆಲ್ಸ ಮಾಡ್ತು!"

ಎಲಾ ಇವನ! ತೊಲೆಯಲ್ಲಿ ನೇತಾಡುವ ಬಲ್ಬಂತೆ, ಕೆಲಸ ಮಾಡಿತಂತೆ. ಕೆಂಡದ ಮಡಕೆ ಕಣ್ಣಿಗೆ ಕಾಣುವುದಿಲ್ಲವೇ? ನಾಚಿಕೆಗೆಟ್ಟವನು ಬೇಲಿಯಾಚೆಯ ಬಸವಯ್ಯನನ್ನೂ ಕೂಗಿ ಕರೆದು ಹೇಳಿಕೊಂಡ. ಚಲುವಮ್ಮನಿಗೆ ಮೈಯೆಲ್ಲ ಉರಿಯಿತು. ಇವತ್ತು ಮಗಳ ಮುಂದೆಯೇ ಇವನ ಮಾನ ಹರಾಜು ಹಾಕದೆ ಬಿಡುವುದಿಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಲು ಹೊರಟಳು. ಬಾಗಿಲ ಬಳಿ ಬರುತ್ತಲೇ ಒಳಗಿನಿಂದ ರಂಜಿನಿಯ ದನಿ ಕೇಳಿತು.

"ಅಲ್ಲ ಕಣ್ರೀ, ಬಸವಯ್ಯನ ಕೋಳಿ ಶೆಡ್ಡಿಗೆ ನೀವೇ ತಾನೆ ಬಲ್ಬ್ ಕಟ್ಕೊಟ್ಟಿದ್ದು? ಮುನ್ನೂರು ಮರೀಲಿ ಒಂದೂ ಚಳೀಗೆ ಸಾಯ್ಲಿಲ್ಲ ಅಂತ ಈಗ್ಲೂ ಒಗಳ್ತಾನೆ. ಈ ಒಂದ್ ಆಮೆಗೆ ನೆಟ್ಟಗೆ ಬಲ್ಬ್ ಆಕಕ್ಕೆ ನಿಮಗೇನ್ ದಾಡಿ?"

ನಾಗೇಂದ್ರನ ದನಿ ತಗ್ಗಿತು. "ಮೆತ್ಗೆ ಮಾತಾಡು. ನಾನ್ ನೆಟ್ಟಗೆ ಆಕ್ಬುಟ್ರೆ, ಅತ್ತೆ ಬೆಳಿಗ್ಗೆ ಯಾತಕ್ಕೆ ಎದ್ದಾರು?"